ಶಕ್ತಿ ಗುಳಿಗೆ ನುಂಗುವ ಮೊದಲು

ಗೆಳತಿಯರೇ, ಈ ಲೇಖನ ಓದುವ ಮೊದಲು ಒಂದು ಕೆಲಸ ಮಾಡಿ. ಎದ್ದು ಹೋಗಿ ನಿಮ್ಮ ಮನೆಯ ಫ್ರಿಜ್ಜಿನ ತಲೆಯ ಮೇಲೆ, ಇಲ್ಲವೇ ಊಟದ ಮನೆಯ ಗೂಡಿನಲ್ಲಿ ಎಷ್ಟು ಔಷಧಿ ಡಬ್ಬಿಗಳಿವೆ ಎಂದು ಎಣಿಸಿಕೊಂಡು ಬನ್ನಿ. ಜ್ವರ, ಕೆಮ್ಮು, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಬಿಟ್ಟುಬಿಡಿ. ಉಳಿದದ್ದೆಷ್ಟು? ಕ್ಯಾಲ್ಸಿಯಂ ಒಂದು, ಕೂದಲು ಉದುರುವುದಕ್ಕೆ ಒಂದು, ಮಂಡಿ ನೋವಿಗೆ ಯಾರೋ ಹೇಳಿದ್ದು ಒಂದು, ಮೀನೆಣ್ಣೆಯ ಹಳದಿ ಗುಳಿಗೆ, ಮಕ್ಕಳ ಜ್ಞಾಪಕಶಕ್ತಿಗೆ ಒಂದು ಪುಡಿ, ಅಮೆರಿಕದಿಂದ ನೆಂಟರು ತಂದುಕೊಟ್ಟ ದೊಡ್ಡ ಡಬ್ಬಿ... ಅಲ್ಲವೇ?

ನಮ್ಮ ಮನೆಯಲ್ಲಿ ಹೋದ ವರ್ಷ ಇಂಥ ಡಬ್ಬಿಗಳು ಒಂಬತ್ತು ಇದ್ದವು. ನನ್ನ ಅಮ್ಮನ ಕಾಲದಲ್ಲಿ ಆ ಗೂಡಿನಲ್ಲಿ ಇದ್ದದ್ದು ಕಷಾಯದ ಪುಡಿ, ಓಮ, ಒಣಶುಂಠಿ, ನೆಲ್ಲಿಕಟ್ಟು ಇಷ್ಟೇ. ನಾನು ಎಸ್ಸೆಸ್ಸೆಲ್ಸಿ ಓದಿದವಳು. ವಿಜ್ಞಾನದ ದೊಡ್ಡ ಮಾತು ನನಗೆ ಬಾರದು. ಆದರೆ ಈ ಒಂಬತ್ತು ಡಬ್ಬಿಗಳಲ್ಲಿ ಒಂದು ನಮ್ಮ ಅತ್ತೆಯವರ ಜೀವಕ್ಕೇ ಬಂದಾಗ, ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದುವುದನ್ನು ಕಲಿತೆ. ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳೋಣವೆಂದು ಬರೆಯುತ್ತಿದ್ದೇನೆ.

ಅತ್ತೆಯವರ ಕಥೆ

ನಮ್ಮದು ಮಲೆನಾಡು. ಅತ್ತೆಯವರಿಗೆ ಎಪ್ಪತ್ತಾರು. ಕಳೆದ ವರ್ಷ ಸಂಕ್ರಾಂತಿಯ ಮುಂಚೆ ಮಂಡಿನೋವು, ಬೆನ್ನುನೋವು ಹೆಚ್ಚಾಯಿತೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆ ಮಾಡಿಸಿ, "ಡಿ ವಿಟಮಿನ್ ತುಂಬಾ ಕಮ್ಮಿಯಿದೆ ಅಮ್ಮಾ" ಎಂದು 60,000 ಯೂನಿಟ್ಟಿನ ಗುಳಿಗೆ ಬರೆದುಕೊಟ್ಟರು. ವಾರಕ್ಕೆ ಒಂದು, ಎಂಟು ವಾರ. ಜೊತೆಗೆ ದಿನಕ್ಕೊಂದು ಕ್ಯಾಲ್ಸಿಯಂ. ಡಾಕ್ಟರು ಬರೆದದ್ದರಲ್ಲಿ ಏನೂ ತಪ್ಪಿರಲಿಲ್ಲ.

ತಪ್ಪು ನನ್ನದು. ಮನೆಗೆ ಬಂದವಳೇ ಎರಡು ಚೀಟಿಯ ಗುಳಿಗೆಗಳನ್ನೂ ಅತ್ತೆಯವರ ಬಿ.ಪಿ. ಮಾತ್ರೆಯ ಡಬ್ಬದಲ್ಲೇ ಹಾಕಿಟ್ಟೆ. "ಇದು ಭಾನುವಾರಕ್ಕೊಂದು" ಎಂದು ಬಾಯಲ್ಲಿ ಹೇಳಿದೆನೇ ಹೊರತು ಬರೆದಿಡಲಿಲ್ಲ. ವಾರ ಕಳೆಯುವಷ್ಟರಲ್ಲಿ ತವರಿನಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತೆಂದು ಇಪ್ಪತ್ತು ದಿನ ಅಲ್ಲಿಗೆ ಹೋದೆ. ಇಲ್ಲಿ ಅತ್ತೆಯವರು ಬೆಳಗಿನ ಕಾಫಿಯಾದ ಮೇಲೆ ಬಿ.ಪಿ. ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಡಿ ಗುಳಿಗೆ ಮೂರನ್ನೂ ದಿನವೂ ನುಂಗತೊಡಗಿದರು. ಮಂಡಿಗೆ ಸ್ವಲ್ಪ ಹಗುರ ಎನ್ನಿಸಿತಂತೆ. ಮುಗಿದಾಗಲೆಲ್ಲ ಖಾಲಿ ಚೀಟಿಯನ್ನು ಮೊಮ್ಮಗನ ಕೈಗೆ ಕೊಟ್ಟು, "ಇದೇ ತಗೊಂಡು ಬಾರೋ" ಎಂದು ಅಂಗಡಿಗೆ ಕಳಿಸಿದರು. ಅಂಗಡಿಯವನು ಡಾಕ್ಟರ ಚೀಟಿ ಕೇಳಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗ, ಅಜ್ಜಿ ಹೇಳಿದ್ದು ತಂದುಕೊಟ್ಟ. ಇದು ಸಾಲದೆಂಬಂತೆ ಅಮೆರಿಕದ ಓರಗಿತ್ತಿ ಕೊಟ್ಟಿದ್ದ ದೊಡ್ಡ ಡಬ್ಬಿಯ ಮಾತ್ರೆಯೂ ಸಂಜೆಗೊಂದು. ಅದರಲ್ಲೂ ಇದ್ದದ್ದು ಕ್ಯಾಲ್ಸಿಯಂ ಮತ್ತು ಡಿ ವಿಟಮಿನ್ನೇ!

ಶಿವರಾತ್ರಿಯ ಹೊತ್ತಿಗೆ ಅತ್ತೆಯವರಿಗೆ ಊಟ ಸೇರದಾಯಿತು. ವಾಕರಿಕೆ, ಮಲಬದ್ಧತೆ. ಎಷ್ಟು ನೀರು ಕುಡಿದರೂ ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು. ಬಿಸಿಲು ಶುರುವಾಯಿತಲ್ಲ, ಉಷ್ಣವಾಗಿರಬೇಕೆಂದು ಬೂದುಗುಂಬಳದ ರಸ, ಕೊತ್ತಂಬರಿ ನೀರು ಕೊಟ್ಟೆ. ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದವಳನ್ನು ದಿಟ್ಟಿಸಿ ನೋಡಿ, ಯಾವತ್ತೋ ತೀರಿಕೊಂಡ ತಮ್ಮ ತಂಗಿಯ ಹೆಸರು ಹಿಡಿದು, "ಯಾವಾಗ ಬಂದ್ಯೇ? ಬಸ್ಸು ಸಿಕ್ತಾ?" ಎಂದರು. ನನ್ನ ಕೈಯ ಲೋಟ ನಡುಗಿತು.

ಆಸ್ಪತ್ರೆಯಲ್ಲಿ ರಕ್ತದ ಕ್ಯಾಲ್ಸಿಯಂ ನೋಡಿದರು. ಹತ್ತೂವರೆಯೊಳಗೆ ಇರಬೇಕಾದದ್ದು ಹದಿಮೂರು ದಾಟಿತ್ತು. ಕಿಡ್ನಿಗೂ ಪೆಟ್ಟು ಬಿದ್ದಿತ್ತು. "ಏನೇನು ಮಾತ್ರೆ ತಗೊಳ್ತಾರೆ? ಎಲ್ಲಾ ತಂದು ತೋರಿಸಿ" ಎಂದರು ಡಾಕ್ಟರು. ಮನೆಗೆ ಓಡಿಬಂದು ಹುಡುಕಿದಾಗ ಅತ್ತೆಯವರ ಮಂಚದ ಕೆಳಗೆ ಬಿಸ್ಕತ್ತಿನ ಡಬ್ಬದಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟ ಖಾಲಿ ಚೀಟಿಗಳು ಸಿಕ್ಕವು. ನಾಲ್ಕು ಗುಳಿಗೆಯ ಹನ್ನೆರಡು ಚೀಟಿ. ನಲವತ್ತೆಂಟು ಗುಳಿಗೆ!

ಲೆಕ್ಕ ಹಾಕಿ ನೋಡಿ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿರುವಂತೆ ದೊಡ್ಡವರಿಗೆ ದಿನಕ್ಕೆ ಬೇಕಾದ ಡಿ ವಿಟಮಿನ್ 600 ಯೂನಿಟ್, ವಯಸ್ಸಾದವರಿಗೆ 800. ಅಂದರೆ 60,000ದ ಒಂದು ಗುಳಿಗೆಯಲ್ಲಿ ಅವರಿಗೆ 75 ದಿನಗಳ ಪಾಲು ಇದೆ. ಏಳು ವಾರದಲ್ಲಿ ಅತ್ತೆಯವರು ನುಂಗಿದ್ದು ಹತ್ತು ವರ್ಷದ ಪಾಲು. ಡಿ ವಿಟಮಿನ್ ನೀರಿನಲ್ಲಿ ಕರಗಿ ಹೊರಗೆ ಹೋಗುವಂಥದ್ದಲ್ಲ, ಮೈಯ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಆಮೇಲೆ ತಿಂಗಳುಗಟ್ಟಲೆ ರಕ್ತಕ್ಕೆ ಕ್ಯಾಲ್ಸಿಯಂ ತುಂಬುತ್ತಲೇ ಇರುತ್ತದೆ.

ಸಲೈನ್ ಹಾಕಿ, ಗುಳಿಗೆಗಳನ್ನೆಲ್ಲ ನಿಲ್ಲಿಸಿ, ಒಂಬತ್ತು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಐದನೇ ದಿನ ಅತ್ತೆಯವರು ನನ್ನ ಹೆಸರು ಹಿಡಿದು ಕರೆದಾಗ ವಾರ್ಡಿನಲ್ಲೇ ಅತ್ತುಬಿಟ್ಟೆ. ಅವರು ಮಾತ್ರ, "ಶಕ್ತಿ ಗುಳಿಗೆ ತಾನೆ, ಒಂದು ಜಾಸ್ತಿಯಾದ್ರೆ ಏನಾಗುತ್ತೆ ಅಂದ್ಕೊಂಡೆ ಕಣೇ" ಎಂದರು. ಗೆಳತಿಯರೇ, ಈ ಒಂದು ಮಾತಿಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. ನಾವೆಲ್ಲರೂ ಅಂದುಕೊಂಡಿರುವುದು ಅದನ್ನೇ.

ಔಷಧಿಯೋ, ಆಹಾರವೋ?

ಇಂಥ ವಸ್ತುಗಳಿಗೆ ಈಗ 'ನ್ಯೂಟ್ರಾಸ್ಯುಟಿಕಲ್' ಎಂಬ ಉದ್ದನೆಯ ಹೆಸರಿದೆ. 1989ರಲ್ಲಿ ಸ್ಟೀಫನ್ ಡಿಫೆಲಿಸ್ ಎಂಬ ಅಮೆರಿಕದ ವೈದ್ಯರು ಪೋಷಣೆ ಮತ್ತು ಔಷಧಿ ಎಂಬರ್ಥದ ಎರಡು ಇಂಗ್ಲಿಷ್ ಶಬ್ದಗಳನ್ನು ಬೆಸೆದು ಕಟ್ಟಿದ ಪದ ಅದು. ಆಹಾರದಲ್ಲಿರುವ ಒಳ್ಳೆಯ ಅಂಶವೊಂದನ್ನು ಬೇರ್ಪಡಿಸಿ, ಗಟ್ಟಿಗೊಳಿಸಿ, ಗುಳಿಗೆ, ಪುಡಿ ಅಥವಾ ದ್ರವದ ರೂಪದಲ್ಲಿ ಕೊಡುವುದು. ನಮ್ಮ ಕಡೆ ಜನ 'ಶಕ್ತಿ ಗುಳಿಗೆ' ಎನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ. ಆದರೆ ಶಕ್ತಿ ಎಂದಾಗ ಅದಕ್ಕೊಂದು ಮಿತಿ ಇದೆಯೆಂಬುದು ಮರೆತುಹೋಗುತ್ತದೆ.

ನಮ್ಮ ದೇಶದಲ್ಲಿ ಇವುಗಳ ಮೇಲ್ವಿಚಾರಣೆ ನೋಡಿಕೊಳ್ಳುವುದು ಆಹಾರ ಸುರಕ್ಷತಾ ಪ್ರಾಧಿಕಾರ, ಎಂದರೆ ಎಫ್.ಎಸ್.ಎಸ್.ಎ.ಐ. ಇದಕ್ಕಾಗಿ 2016ರಲ್ಲಿ ಪ್ರತ್ಯೇಕ ನಿಯಮಗಳನ್ನೇ ಮಾಡಿದರು. ಅದರ ಪ್ರಕಾರ ಡಬ್ಬಿಯ ಮೇಲೆ 'ಔಷಧಿಯಾಗಿ ಬಳಸಲು ಅಲ್ಲ' ಎಂಬ ಅರ್ಥದ ಇಂಗ್ಲಿಷ್ ಸಾಲು ಇರಬೇಕು; ದಿನಕ್ಕೆ ಎಷ್ಟು ತೆಗೆದುಕೊಳ್ಳಬೇಕು, ಅದನ್ನು ಮೀರಬಾರದು ಎಂದು ಬರೆದಿರಬೇಕು; ಮಕ್ಕಳ ಕೈಗೆ ಸಿಗದಂತೆ ಇಡಿ ಎಂದಿರಬೇಕು. ಹದಿನಾಲ್ಕು ಅಂಕಿಯ ಲೈಸೆನ್ಸ್ ನಂಬರೂ ಇರಬೇಕು. ರೋಗ ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಹಾಗಾದರೆ 'ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆ ಮಾಯ' ಎಂದು ಜಾಹೀರಾತು ಕೊಡುವವರ ಸರಕನ್ನು ಏನು ಮಾಡಬೇಕು? ಅಲ್ಲೇ ಬಿಟ್ಟು ಬರಬೇಕು!

ಅತ್ತೆಯವರ 60,000ದ ಗುಳಿಗೆಯಂಥವು ಕೊರತೆ ತುಂಬಲೆಂದು ವೈದ್ಯರು ಬರೆಯುವ ಪ್ರಮಾಣ. ಅದನ್ನು ಆಹಾರವೆಂದು ತಿಳಿದು ನುಂಗಬಾರದು.

ಇವೆಲ್ಲ ಬರುವುದೆಲ್ಲಿಂದ?

ಇದನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಡಿ ವಿಟಮಿನ್ ಗುಳಿಗೆ ಹೆಚ್ಚಾಗಿ ತಯಾರಾಗುವುದು ಕುರಿಯ ಉಣ್ಣೆಯಲ್ಲಿರುವ ಜಿಡ್ಡಿನಿಂದ. ಮೆತ್ತನೆಯ ಗುಳಿಗೆಯ ಹೊರಕವಚ ಸಾಮಾನ್ಯವಾಗಿ ದನ, ಹಂದಿ ಮುಂತಾದ ಪ್ರಾಣಿಗಳ ಚರ್ಮ-ಮೂಳೆಗಳಿಂದ ತೆಗೆದ ಜೆಲಾಟಿನ್. ಸಸ್ಯಾಹಾರಿಗಳು ಡಬ್ಬಿಯ ಮೇಲಿನ ಹಸಿರು ಗುರುತು ನೋಡಿಕೊಳ್ಳಬೇಕಾದದ್ದು ಇದಕ್ಕೇ. ಮಂಡಿನೋವಿನ ಗ್ಲುಕೋಸಮೈನ್ ಬಹುಪಾಲು ಬರುವುದು ಸೀಗಡಿ, ಏಡಿಗಳ ಚಿಪ್ಪಿನಿಂದ. ಕ್ಯಾಲ್ಸಿಯಂ ಮಾತ್ರೆ ಎಷ್ಟೋ ಸಲ ಸುಣ್ಣದ ಕಲ್ಲಿನ ಶುದ್ಧರೂಪವೇ.

ಕಣ್ಣಿಗೆ ಒಳ್ಳೆಯದೆಂದು ಕೊಡುವ ಲೂಟೀನ್ ಯಾವುದರಿಂದ ಗೊತ್ತೇ? ನಾವು ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡು ಹೂವಿನಿಂದ. ಗುಂಡ್ಲುಪೇಟೆಯ ಕಡೆ ಊಟಿ ರಸ್ತೆಯಲ್ಲಿ ಹೋದವರು ಮಳೆಗಾಲದಲ್ಲಿ ಎಕರೆಗಟ್ಟಲೆ ಕಿತ್ತಳೆ ಬಣ್ಣದ ಹೂವಿನ ಹೊಲ ನೋಡಿರಬಹುದು. ಅದರಲ್ಲಿ ಬಹಳಷ್ಟು ಹೋಗುವುದು ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳಿಗೆ. ಅದೇ ಲೂಟೀನ್ ನಮ್ಮ ಹಿತ್ತಿಲ ಸೊಪ್ಪುಗಳಲ್ಲಿಯೂ ಇದೆ.

ಇನ್ನು ಉಪ್ಪಾಗೆ. ಸಿರ್ಸಿ, ಸಿದ್ದಾಪುರ, ಸಾಗರದ ಕಡೆಯವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಮಳೆಗಾಲದಲ್ಲಿ ಕಾಡಿನಿಂದ ತಂದು, ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ-ಬಿಸಿಯಲ್ಲಿ ಒಣಗಿಸುತ್ತಿದ್ದೆವು. ಬೀಜದಿಂದ ಉಪ್ಪಾಗೆ ತುಪ್ಪ. 1990ರ ದಶಕದಲ್ಲಿ ಇದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂದು ವಿದೇಶದಲ್ಲಿ ಸುದ್ದಿಯಾಗಿ ಬೆಲೆ ಏರಿತು. ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದು ಕೊಯ್ದವರೂ ಇದ್ದರು. ಆದರೆ 1998ರಲ್ಲಿ ಅಮೆರಿಕದಲ್ಲಿ 135 ಮಂದಿ ಸ್ಥೂಲಕಾಯದವರಿಗೆ ಹನ್ನೆರಡು ವಾರ ಕೊಟ್ಟು ಪರೀಕ್ಷಿಸಿದಾಗ, ಉಪ್ಪಾಗೆ ಗುಳಿಗೆ ನುಂಗಿದವರಿಗೂ ಬರೀ ಹುಸಿಗುಳಿಗೆ ನುಂಗಿದವರಿಗೂ ತೂಕ ಇಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಸಾರವಿರುವ ಗುಳಿಗೆಗಳಿಂದ ಲಿವರಿಗೆ ತೊಂದರೆಯಾದ ವರದಿಗಳೂ ಬಂದಿವೆ. ಸಾರಿಗೆ ಹುಳಿಯಾಗಿ ಹಾಕಿಕೊಂಡರೆ ಎಷ್ಟು ರುಚಿ! ಬೊಜ್ಜು ಕರಗಿಸುವ ಹೊಣೆಯನ್ನು ಮಾತ್ರ ಅದರ ತಲೆಗೆ ಕಟ್ಟಬೇಡಿ.

ಅರಿಸಿನವಂತೂ ನಮ್ಮದೇ. ಗಾಯ ಮಾಯಿಸುವ ಅದರ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟುಬಿಟ್ಟಿದ್ದರು, ನಮ್ಮ ಸಿ.ಎಸ್.ಐ.ಆರ್. ಸಂಸ್ಥೆ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅರಿಸಿನದಲ್ಲಿರುವ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಜೊತೆಗೆ ಕಾಳುಮೆಣಸಿನ ಸಾರ ಕೊಟ್ಟರೆ ಇಪ್ಪತ್ತು ಪಟ್ಟು ಹೆಚ್ಚು ಸೇರುತ್ತದೆಂದು 1998ರಲ್ಲಿ ಪ್ರಕಟವಾದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನ ತೋರಿಸಿತು. ಅಂದಿನಿಂದ ಅರಿಸಿನದ ಎಷ್ಟೋ ಗುಳಿಗೆಗಳಲ್ಲಿ ಮೆಣಸಿನ ಸಾರವೂ ಸೇರಿಕೊಂಡಿದೆ. ಆದರೆ ಲೆಕ್ಕ ನೋಡಿ: ಒಂದು ಚಮಚ ಅರಿಸಿನ ಪುಡಿಯಲ್ಲಿ ಇರುವುದು ಸುಮಾರು ನೂರು ಮಿಲಿಗ್ರಾಂ ಕರ್ಕ್ಯುಮಿನ್ನೂ ಇಲ್ಲ. ಐನೂರು ಮಿಲಿಗ್ರಾಂ ಸಾರದ ಒಂದು ಗುಳಿಗೆ ಎಂದರೆ ಐದು ಚಮಚಕ್ಕೂ ಮಿಗಿಲು, ಅದರ ಮೇಲೆ ಮೆಣಸಿನ ಒತ್ತಾಸೆ. 2019ರಲ್ಲಿ ಇಟಲಿಯಲ್ಲಿ ಇಂಥ ಗುಳಿಗೆ ನುಂಗಿದ ಕೆಲವರಿಗೆ ಕಾಮಾಲೆ ಬಂದು ಸರ್ಕಾರವೇ ಎಚ್ಚರಿಕೆ ಕೊಡಬೇಕಾಯಿತು. ಹಾಲಿಗೆ ಚಿಟಿಕೆ ಅರಿಸಿನ ಹಾಕುವ ನಮಗೆ ಆ ಭಯ ಬೇಡ. ಚಿಟಿಕೆಯೇ ಬೇರೆ, ಗುಳಿಗೆಯೇ ಬೇರೆ.

ಹಾಗಾದರೆ ಯಾರಿಗೂ ಬೇಡವೇ?

ಹಾಗೆನ್ನಬೇಡಿ! ಅತ್ತೆಯವರ ಸಂಗತಿ ಕೇಳಿ ನಮ್ಮ ಪಕ್ಕದ ಮನೆಯ ಬಸುರಿ ಹುಡುಗಿ ಕಬ್ಬಿಣದ ಮಾತ್ರೆ ನುಂಗುವುದನ್ನೇ ಬಿಟ್ಟಿದ್ದಳು. ನಾನೇ ಹೋಗಿ ಬೈದು ನುಂಗಿಸಿದೆ. ಬೇಕಾದವರಿಗೆ ಬೇಕೇ ಬೇಕು.

ಕಬ್ಬಿಣ ಮತ್ತು ಫೋಲಿಕ್ ಆಮ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ನಮ್ಮ ಕರ್ನಾಟಕದಲ್ಲಿ ಸುಮಾರು 48. ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ತಲೆಸುತ್ತು. 'ಹೆಂಗಸರಿಗೆ ಇದೆಲ್ಲ ಇದ್ದದ್ದೇ' ಎಂದು ನಾವು ತಳ್ಳಿಹಾಕುತ್ತೇವೆ. ಸರ್ಕಾರ ಶಾಲೆಯ ಹೆಣ್ಣುಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ, ಬಸುರಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕೆಂಪು ಮಾತ್ರೆ ಪುಕ್ಕಟೆ ಕೊಡುತ್ತದೆ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಮಲ ಕಪ್ಪಾಗುತ್ತದೆ, ಹೆದರಬೇಡಿ.

ಫೋಲಿಕ್ ಆಮ್ಲದ ಕಥೆಯ ಬೇರು ನಮ್ಮ ದೇಶದ ಹೆಂಗಸರಲ್ಲೇ ಇದೆ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಬಟ್ಟೆಗಿರಣಿಯಲ್ಲಿ ದುಡಿಯುತ್ತಿದ್ದ ಬಸುರಿಯರ ರಕ್ತಹೀನತೆಗೆ ಕಾರಣ ಹುಡುಕಿದರು. ಯೀಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. ಆ ಸಾರದಲ್ಲಿದ್ದದ್ದೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಮಗುವಿನ ಮಿದುಳು ಬಳ್ಳಿಯ ದೋಷವನ್ನು ಅದು ಬಹುಮಟ್ಟಿಗೆ ತಡೆಯುತ್ತದೆಂದು 1991ರಲ್ಲಿ ಸಿದ್ಧವಾಯಿತು. ಬಸುರಾಗುವ ಮೊದಲಿನಿಂದಲೇ ತೆಗೆದುಕೊಳ್ಳಬೇಕೆನ್ನುವುದು ಇದಕ್ಕೇ. ಮದುವೆಯಾದ ಮಗಳಿರುವ ತಾಯಂದಿರು ಈ ಮಾತನ್ನು ಅವಳ ಕಿವಿಗೆ ಹಾಕಿ.

ಬಿ-12: ಇದು ಗಿಡಮರಗಳಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಹಾಲು-ಮೊಸರನ್ನೂ ಕಡಿಮೆ ಮಾಡಿರುವ ಸಸ್ಯಾಹಾರಿಗಳು, ವಯಸ್ಸಾದವರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್ಫಾರ್ಮಿನ್ ತೆಗೆದುಕೊಳ್ಳುವವರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೈಕಾಲು ಜುಮ್ಮೆನ್ನುವುದು, ಮರೆವು ಇದರ ಕೊರತೆಯಿಂದಲೂ ಇರಬಹುದು.

ಡಿ ಮತ್ತು ಕ್ಯಾಲ್ಸಿಯಂ: ನಮ್ಮಂತೆ ಮನೆಯೊಳಗೇ ಇರುವವರಿಗೆ, ಮುಟ್ಟು ನಿಂತವರಿಗೆ, ನಾಲ್ಕು ತಿಂಗಳು ಸೂರ್ಯನನ್ನೇ ಕಾಣದ ಮಲೆನಾಡಿನವರಿಗೆ ಕೊರತೆ ಬರುವುದು ಸಹಜ. ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟು, ಹೇಳಿದಷ್ಟೇ ದಿನ.

ಮೀನೆಣ್ಣೆ: ಅದರ ಒಮೆಗಾ-3 ಹೃದಯಕ್ಕೆ ಹಿತ. ಕರಾವಳಿಯವರು ಬೂತಾಯಿ, ಬಂಗುಡೆ ತಿನ್ನುತ್ತಿದ್ದರೆ ಗುಳಿಗೆಯ ಹಂಗೇ ಬೇಡ. ನಮ್ಮಂಥವರಿಗೆ ಅಗಸೆ ಬೀಜ ಇದೆ. ಮೀನಿನಷ್ಟು ನೇರವಾಗಿ ಒದಗುವುದಿಲ್ಲ, ಅದರ ಅಲ್ಪ ಭಾಗವನ್ನು ಮಾತ್ರ ಮೈ ಬದಲಾಯಿಸಿಕೊಳ್ಳುತ್ತದೆ. ಆದರೂ ಒಳ್ಳೆಯದೇ.

ಒಂದಕ್ಕೊಂದು ಆಗಬಾರದವು

ನನಗೆ ಗೊತ್ತೇ ಇಲ್ಲದಿದ್ದ ವಿಷಯ ಇದು. ಅತ್ತೆ-ಸೊಸೆಯರಲ್ಲೇ ಅಲ್ಲ, ಮಾತ್ರೆಗಳಲ್ಲೂ ಆಗಿಬರದವು ಇವೆ!

* ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ಎರಡು ಗಂಟೆ ಅಂತರವಿರಲಿ. ನಿಂಬೆಹಣ್ಣಿನ ಪಾನಕದೊಡನೆ ಚೆನ್ನಾಗಿ ಹತ್ತುತ್ತದೆ.
* ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಕಬ್ಬಿಣ, ಕ್ಯಾಲ್ಸಿಯಂ ಅದಾಗಿ ನಾಲ್ಕು ಗಂಟೆಯ ನಂತರ.
* ಕೂದಲಿಗೆಂದು ತಿನ್ನುವ ಬಯೋಟಿನ್ ಥೈರಾಯ್ಡ್ ಮುಂತಾದ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ಪರೀಕ್ಷೆಗೆ ಮೊದಲು ಡಾಕ್ಟರಿಗೆ ಹೇಳಿ.
* ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿಗಳು ಮೀನೆಣ್ಣೆ, ಬೆಳ್ಳುಳ್ಳಿ, ಅರಿಸಿನದ ಗುಳಿಗೆಗಳನ್ನು ಕೇಳದೆ ಮುಟ್ಟಬಾರದು. ರಕ್ತಸ್ರಾವದ ಭಯವಿದೆ. ಆಪರೇಷನ್ನಿಗೆ ಮೊದಲೂ ಇದನ್ನು ತಿಳಿಸಬೇಕು.
* ಬಸುರಿಯರು ಎ ವಿಟಮಿನ್ನಿನ ಹೆಚ್ಚಿನ ಪ್ರಮಾಣದ ಗುಳಿಗೆ ತೆಗೆದುಕೊಳ್ಳಬಾರದು. ಮಗುವಿಗೆ ಊನವಾದೀತು.
* ಕಬ್ಬಿಣದ ಮಾತ್ರೆ ಬಣ್ಣದ ಪೆಪ್ಪರಮಿಂಟಿನಂತೆ ಕಾಣುತ್ತದೆ. ಚಿಕ್ಕ ಮಕ್ಕಳು ಒಂದಷ್ಟು ನುಂಗಿಬಿಟ್ಟರೆ ಪ್ರಾಣಾಪಾಯ. ಎತ್ತರದಲ್ಲಿಡಿ.

ನಮ್ಮ ಅಡುಗೆಮನೆಯ ಗೂಡು

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ನಮ್ಮ ಕಾಳುಕಡಿ, ಸೊಪ್ಪುಸದೆಗಳನ್ನೆಲ್ಲ ಅಳೆದು ಪಟ್ಟಿ ಮಾಡಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ 340ಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120. ನುಗ್ಗೆಸೊಪ್ಪಿನಲ್ಲಿ 300ಕ್ಕೂ ಮೇಲೆ. ಎಳ್ಳಿನಲ್ಲಂತೂ ಸಾವಿರ ದಾಟುತ್ತದೆ. ಎಳ್ಳಿನಷ್ಟನ್ನೆಲ್ಲ ಮೈ ಹೀರಿಕೊಳ್ಳುವುದಿಲ್ಲ ಎನ್ನುವುದು ನಿಜ, ಹುರಿದು ಪುಡಿ ಮಾಡಿದರೆ ವಾಸಿ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸಾವಿರ ಮಿಲಿಗ್ರಾಂ. ಒಂದು ಮುದ್ದೆ ಅಥವಾ ಎರಡು ರಾಗಿ ರೊಟ್ಟಿ, ಎರಡು ಲೋಟ ಹಾಲು-ಮಜ್ಜಿಗೆ, ಒಂದು ಸೊಪ್ಪಿನ ಪಲ್ಯ, ಒಂದು ಎಳ್ಳುಂಡೆ ಇದ್ದರೆ ಹೆಚ್ಚುಕಡಿಮೆ ತುಂಬಿತು. ಮನೆಯವರಿಗೆಲ್ಲ ಬಡಿಸಿ, ಉಳಿದದ್ದು ತಿನ್ನುವ ನಮಗೆ ಇದು ಸಿಗುತ್ತದೆಯೇ ಎನ್ನುವುದೇ ಪ್ರಶ್ನೆ. ಸೊಪ್ಪಿನ ಪಲ್ಯದಲ್ಲಿ ನಿಮ್ಮ ಪಾಲನ್ನು ಮೊದಲೇ ತೆಗೆದಿಟ್ಟುಕೊಳ್ಳಿ, ನಾಚಿಕೆ ಬೇಡ.

ಅತ್ತೆಯವರು ಗುಣವಾದ ಮೇಲೆ, ಅವರ ಕ್ಯಾಲ್ಸಿಯಂ ಸರಿಯಾಗಿದೆ, ಇನ್ನು ಊಟದಲ್ಲಿ ಪಥ್ಯ ಬೇಡವೆಂದು ಡಾಕ್ಟರು ಹೇಳಿದ ನಂತರ, ನಾನು ಮಾಡುವ ಎರಡು ತಿನಿಸು ಇಲ್ಲಿವೆ.

ರಾಗಿ-ಎಳ್ಳಿನ ಉಂಡೆ
ಬೇಕಾಗುವ ಸಾಮಾನು: ರಾಗಿ ಹಿಟ್ಟು 1 ಬಟ್ಟಲು, ಕರಿ ಎಳ್ಳು ಅರ್ಧ ಬಟ್ಟಲು, ಕಡಲೆಕಾಯಿ ಬೀಜ ಕಾಲು ಬಟ್ಟಲು, ಪುಡಿ ಬೆಲ್ಲ ಮುಕ್ಕಾಲು ಬಟ್ಟಲು, ತುಪ್ಪ 4 ದೊಡ್ಡ ಚಮಚ, ಏಲಕ್ಕಿ 3.
ಮಾಡುವ ವಿಧಾನ: ಎಳ್ಳನ್ನು ಚಟಪಟ ಎನ್ನುವವರೆಗೆ, ಕಡಲೆಬೀಜವನ್ನು ಸಿಪ್ಪೆ ಬಿಡುವವರೆಗೆ ಬೇರೆ ಬೇರೆಯಾಗಿ ಹುರಿಯಿರಿ. ಎರಡು ಚಮಚ ತುಪ್ಪದಲ್ಲಿ ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಹಸಿ ವಾಸನೆ ಉಳಿಯಬಾರದು. ಎಳ್ಳು, ಕಡಲೆಬೀಜ, ಏಲಕ್ಕಿ ತರಿಯಾಗಿ ಪುಡಿ ಮಾಡಿ, ಹಿಟ್ಟು-ಬೆಲ್ಲದೊಡನೆ ಕಲೆಸಿ, ಉಳಿದ ತುಪ್ಪ ಕಾಯಿಸಿ ಹಾಕಿ ಬಿಸಿಯಿರುವಾಗಲೇ ಉಂಡೆ ಕಟ್ಟಿ. ಸಕ್ಕರೆ ಕಾಯಿಲೆಯವರಿಗೆ ಇದು ಬೇಡ. ಅವರು ಎಳ್ಳಿನ ಚಟ್ನಿಪುಡಿ ಮಾಡಿಕೊಳ್ಳಲಿ.

ಅಗಸೆ ಚಟ್ನಿಪುಡಿ
ಬೇಕಾಗುವ ಸಾಮಾನು: ಅಗಸೆ ಬೀಜ 1 ಬಟ್ಟಲು, ಬ್ಯಾಡಗಿ ಮೆಣಸಿನಕಾಯಿ 8, ಕರಿಬೇವು ಒಂದು ಹಿಡಿ, ಬೆಳ್ಳುಳ್ಳಿ 6 ಎಸಳು (ತಿನ್ನುವವರು), ಒಣ ಹುಣಿಸೆ ಸ್ವಲ್ಪ, ಬೆಲ್ಲ ಚೂರು, ಉಪ್ಪು.
ಮಾಡುವ ವಿಧಾನ: ಅಗಸೆಯನ್ನು ಸಿಡಿಯುವವರೆಗೆ ಹುರಿದು ಆರಲು ಬಿಡಿ. ಮೆಣಸಿನಕಾಯಿ, ಕರಿಬೇವು ಗರಿಗರಿಯಾಗಿ ಹುರಿದು ಎಲ್ಲವನ್ನೂ ಸೇರಿಸಿ ಪುಡಿ ಮಾಡಿ. ಇಡಿಯ ಬೀಜ ಹಾಗೆಯೇ ನುಂಗಿದರೆ ಬಹುಪಾಲು ಜೀರ್ಣವಾಗದೆ ಹೊರಗೆ ಹೋಗುತ್ತದೆ, ಪುಡಿಯೇ ಮೇಲು. ಎಣ್ಣೆಯ ಬೀಜವಾದ್ದರಿಂದ ಬೇಗ ಕಮಟು ಹಿಡಿಯುತ್ತದೆ. ಹದಿನೈದು ದಿನಕ್ಕೆ ಆಗುವಷ್ಟೇ ಮಾಡಿ.

ನಮ್ಮ ಮನೆಯ ಹೊಸ ಕಟ್ಟಳೆ

ಈಗ ನಮ್ಮ ಗೂಡಿನ ಬಾಗಿಲಿನ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ಯಾರಿಗೆ, ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಯಾವ ತಾರೀಖಿನವರೆಗೆ ಎಂದು ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದದ್ದು. ವಾರಕ್ಕೊಂದು ನುಂಗುವ ಗುಳಿಗೆ ಇದ್ದರೆ ದಿನದ ಡಬ್ಬದಲ್ಲಿ ಇಡುವುದಿಲ್ಲ. ಬೇರೆ ಕಡೆ ನನ್ನ ಸುಪರ್ದಿಯಲ್ಲಿರುತ್ತದೆ, ಭಾನುವಾರ ನಾನೇ ಕೈಯಾರೆ ಕೊಡುತ್ತೇನೆ. ಎರಡು ಡಬ್ಬಿಗಳಲ್ಲಿ ಒಂದೇ ವಸ್ತು ಇದೆಯೇ ಎಂದು ಹಿಂಬದಿಯ ಪಟ್ಟಿ ಹೋಲಿಸಿ ನೋಡುತ್ತೇನೆ. ಡಾಕ್ಟರ ಹತ್ತಿರ ಹೋಗುವಾಗ ಎಲ್ಲ ಡಬ್ಬಿಗಳನ್ನೂ, ಕಷಾಯದ ಪುಡಿಯನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಮಕ್ಕಳನ್ನು ಬರೀ ಖಾಲಿ ಚೀಟಿ ಕೊಟ್ಟು ಅಂಗಡಿಗೆ ಕಳಿಸುವುದಿಲ್ಲ. ಇದೇ ಮಾದರಿಯ ಹಾಳೆಯನ್ನು ನೀವೂ ಇವತ್ತೇ ಬರೆಯಿರಿ. ಹತ್ತು ನಿಮಿಷದ ಕೆಲಸ.

ಒಂಬತ್ತು ಡಬ್ಬಿಗಳಲ್ಲಿ ಈಗ ಉಳಿದಿರುವುದು ಎರಡು: ಮಗಳ ಕಬ್ಬಿಣದ ಮಾತ್ರೆ, ನಮ್ಮವರ ಬಿ-12. ಎರಡೂ ಪರೀಕ್ಷೆ ಮಾಡಿಸಿ ಡಾಕ್ಟರು ಬರೆದುಕೊಟ್ಟದ್ದು. ಅಮೆರಿಕದ ಓರಗಿತ್ತಿಗೂ ಫೋನಿನಲ್ಲಿ ಹೇಳಿದ್ದೇನೆ, ಮುಂದಿನ ಸಲ ಬರುವಾಗ ಡಬ್ಬಿ ಬೇಡ, ಅತ್ತೆಯವರಿಗೆ ಒಂದು ಬೆಚ್ಚನೆಯ ಶಾಲು ತಾ ಎಂದು.

ಅತ್ತೆಯವರು ಈಗ ಆರೋಗ್ಯವಾಗಿದ್ದಾರೆ. ಕಿಡ್ನಿ ಪೂರ್ತಿ ಮೊದಲಿನಂತಾಗಿಲ್ಲ, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಇದ್ದೇ ಇದೆ. ಬೆಳಿಗ್ಗೆ ಬಿಸಿಲು ಬಲಿತ ಮೇಲೆ ಅಂಗಳದಲ್ಲಿ ಮಣೆ ಹಾಕಿಕೊಂಡು ಅಡಿಕೆ ಆರಿಸುತ್ತಾ ಕೂರುತ್ತಾರೆ. ಮೊನ್ನೆ ರಾಗಿ ಉಂಡೆ ತಟ್ಟೆಯಲ್ಲಿಟ್ಟು ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡಿದರು.

"ಇದು ದಿನಕ್ಕೊಂದೋ, ವಾರಕ್ಕೊಂದೋ? ಸರಿಯಾಗಿ ಹೇಳಿಬಿಡೇ ಮಾರಾಯ್ತಿ" ಎಂದರು.

"ದಿನಕ್ಕೊಂದು, ಅತ್ತೆ" ಎಂದೆ. ಹಾಳೆಯಲ್ಲಿ ಅದನ್ನೂ ಬರೆದುಬಿಟ್ಟಿದ್ದೇನೆ.